ಬೆಳಗಾವಿಯ ಓಟಗಾರ ಫಡೆಪ್ಪ ಚೌಗುಲೆ

ಹೋದ ವರ್ಷ 800 ಮೀಟರ್ ಓಟದಾಗ ನಾನು ಹಿಂದೆ ಬಿದ್ದೆ. ಒಂದು ಸುತ್ತಿಗೇ ಬಿಟ್ಟು ಬಂದೆ. ಆಮೇಲೆ ನಮ್ಮ ಪಕ್ಕದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರ ಬಗ್ಗೆ ಓದಿದೆ.

1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟದಲ್ಲಿ ಹಳ್ಳಿಯ ರೈತರು ಬರಿಗಾಲಲ್ಲಿ ಓಡುವುದನ್ನು ದೊರಾಬ್ಜಿ ಟಾಟಾ ಅವರು ಕಂಡರು. ಅವರಿಗೆ ಸರಿಯಾದ ತರಬೇತಿಯೇ ಇರಲಿಲ್ಲ. ಆದರೂ ಚಲೋ ಓಡುತ್ತಿದ್ದರು. ಇಂಥವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕೆಂದು ಟಾಟಾ ಅವರು ಮುಂದೆ ನಿಂತರು. 1920ರಲ್ಲಿ ಚೌಗುಲೆಯವರು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ ಹೋದರು. ಅಲ್ಲಿ ಮ್ಯಾರಥಾನ್ ಓಟ 42.75 ಕಿಲೋಮೀಟರ್ ಇತ್ತು. ಅವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು.

ಪದಕ ಬರಲಿಲ್ಲ. ಆದರೆ 18 ಮಂದಿ ಮುಂದೆ ಹೋದರೂ ಅವರು ಓಟ ಬಿಡಲಿಲ್ಲ. ಈಗ ನಾನು ದಿನಾ ಮುಂಜಾನೆ ಓಡುತ್ತೇನೆ. ಈ ವರ್ಷ ಕಡೆಯವಳಾದರೂ ಚಿಂತಿಲ್ಲ, ಎರಡೂ ಸುತ್ತು ಮುಗಿಸ್ತೀನಿ.