ಮೇಷ್ಟ್ರು ಕಟ್ಟಿದ ತಂಡ

ಈ ಸಲ ನಾನು ಫುಟ್‌ಬಾಲ್ ಗುರು ಸೈಯದ್ ಅಬ್ದುಲ್ ರಹೀಂ ಅವರ ಬಗ್ಗೆ ಬರೆದಿದ್ದೇನೆ. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಇವರು ಮೊದಲು ಶಾಲಾ ಮೇಷ್ಟ್ರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ತಯಾರು ಮಾಡಿದರು. ಆ ತಂಡ ಸತತ 5 ಸಲ ರೋವರ್ಸ್ ಕಪ್ ಗೆದ್ದಿತು. ಚೆಂಡನ್ನು ಒಬ್ಬನೇ ಇಟ್ಟುಕೊಳ್ಳದೆ ಬೇಗ ಪಾಸ್ ಮಾಡಬೇಕು ಅಂತ ಹುಡುಗರಿಗೆ ಕಲಿಸಿದರು. ಯಾರನ್ನು ಎಲ್ಲಿ ಆಡಿಸಬೇಕು ಅನ್ನೋದೂ ಅವರಿಗೆ ಚೆನ್ನಾಗಿ ಗೊತ್ತಿತ್ತು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿದ್ದರು. ಆದರೂ ರಹೀಂ ಅವರನ್ನು ಫಾರ್ವರ್ಡ್ ಆಗಿ ಆಡಿಸಿದರು. ಫೈನಲ್‌ನಲ್ಲಿ ಜರ್ನೈಲ್ ಗೋಲು ಹೊಡೆದೇ ಬಿಟ್ಟರು! ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಮರುವರ್ಷವೇ ರಹೀಂ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಮೇಲೆ ಆ ಚಿನ್ನ ನಮಗೆ ಮತ್ತೆ ಸಿಕ್ಕಿಲ್ಲ. ನನಗನ್ನಿಸುತ್ತೆ, ಆಟಗಾರರು ಊರೂರಲ್ಲೂ ಇದ್ದಾರೆ, ಅವರನ್ನು ಬೆಳೆಸೋ ಇಂಥ ಮೇಷ್ಟ್ರು ಬೇಕು.