ಜಾನ್ ಗಾಫನ ಚರಿತ್ರೆ: ಬಿದ್ದವನನ್ನು ಎರಡು ಸಾರಿ ಎತ್ತಿದ ಸಹೋದರರು

ಕುಡಿತವನ್ನು ಬಿಟ್ಟೆನೆಂದು ಸಭೆಯ ಮುಂದೆ ಮಾತು ಕೊಟ್ಟು, ಕೆಲವು ತಿಂಗಳು ಸ್ಥಿರವಾಗಿ ನಿಂತು, ಬಳಿಕ ಸಂತೆಯಲ್ಲಿಯೋ ಮದುವೆಯ ಮನೆಯಲ್ಲಿಯೋ ಹಳೆಯ ಸಂಗಡಿಗರ ಕೈಗೆ ಸಿಕ್ಕಿ ತಿರಿಗಿ ಬಿದ್ದವರನ್ನು ನಾವೆಲ್ಲರೂ ಬಲ್ಲೆವು. ಅಂಥವನು ಮುಂದಿನ ಆದಿತ್ಯವಾರ ತಲೆ ತಗ್ಗಿಸಿ ದೇವಾಲಯದ ಬಾಗಿಲಲ್ಲಿ ನಿಂತಾಗ ಅವನಿಗೆ ಒಳಗೆ ಸ್ಥಳ ಮಾಡಿಕೊಡುವದೋ, ಇವನ ಮಾತು ನೀರಿನ ಮೇಲಣ ಬರಹವೆಂದು ಮುಖ ತಿರುಗಿಸುವದೋ ಎಂಬದು ಸಣ್ಣ ಪ್ರಶ್ನೆಯಲ್ಲ. ಒಬ್ಬನ ಪ್ರಾಣವೂ ಅವನ ಹೆಂಡತಿ ಮಕ್ಕಳ ಅನ್ನವೂ ಅದರಲ್ಲಿ ಅಡಗಿರುವವು. ಈ ಪ್ರಶ್ನೆಗೆ ಉತ್ತರವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಅಮೇರಿಕ ದೇಶದಲ್ಲಿ ಪ್ರಸಿದ್ಧನಾಗಿದ್ದ ಜಾನ್ ಗಾಫ್ ಎಂಬವನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಗಾಫನು 1817ನೆಯ ಇಸವಿ ಆಗಸ್ಟ್ 22ರಂದು ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿರುವ ಸ್ಯಾಂಡ್‌ಗೇಟ್ ಎಂಬ ಕಡಲತೀರದ ಊರಲ್ಲಿ ಹುಟ್ಟಿದನು. ತಂದೆಯು ಯುದ್ಧಗಳಲ್ಲಿ ಸೇವೆ ಮಾಡಿ ಅಲ್ಪ ಪಿಂಚಣಿಯಿಂದ ಜೀವಿಸುತ್ತಿದ್ದ ಹಳೆಯ ಸಿಪಾಯಿ. ತಾಯಿಯು ಊರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ದೈವಭಕ್ತೆ. ಬಡತನವು ಹೆಚ್ಚಿದಾಗ ಆಕೆ ಲೇಸ್ ಹೆಣೆದು ಮಾರುತ್ತಿದ್ದಳು. ಒಂದು ದಿನ ಆಕೆ ಎಂಟು ಮೈಲಿಗಿಂತ ಹೆಚ್ಚು ದೂರದ ಡೋವರ್ ಪಟ್ಟಣಕ್ಕೆ ನಡೆದುಹೋಗಿ, ಏನೂ ಮಾರಾಟವಾಗದೆ, ಸೋತು ಮನೆಗೆ ಬಂದಳು. ಅದೇ ದಿನ ಹುಡುಗನು ಚೆನ್ನಾಗಿ ಓದಿದ್ದಕ್ಕಾಗಿ ಒಬ್ಬ ದೊಡ್ಡ ಮನುಷ್ಯನು ಅವನಿಗೆ ಹಣ ಕೊಟ್ಟಿದ್ದನು. ಅದನ್ನು ಅವನು ತಾಯಿಯ ಮಡಿಲಲ್ಲಿ ಹಾಕಲು ಆಕೆ ಮೊಣಕಾಲೂರಿ ದೇವರನ್ನು ಸ್ತುತಿಸಿದಳು. ಆ ಸಂಜೆಯನ್ನು ಗಾಫನು ಸಾಯುವ ವರೆಗೂ ಮರೆಯಲಿಲ್ಲ.

ಊರಲ್ಲಿ ಹುಡುಗನಿಗೆ ಜೀವನದ ದಾರಿ ಕಾಣದ ಕಾರಣ, 1829ರಲ್ಲಿ, ಹನ್ನೆರಡು ವರುಷವೂ ತುಂಬದಿರುವಾಗಲೇ, ಅಮೇರಿಕಕ್ಕೆ ಹೋಗುತ್ತಿದ್ದ ಒಂದು ಕುಟುಂಬದವರ ಸಂಗಡ ತಂದೆತಾಯಿಗಳು ಅವನನ್ನು ಕಳುಹಿಸಿದರು. ಎರಡು ವರುಷ ಹೊಲಮನೆಯಲ್ಲಿ ದುಡಿದ ಮೇಲೆ ಅವನು ನ್ಯೂಯಾರ್ಕ್ ಪಟ್ಟಣಕ್ಕೆ ಬಂದು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿತನು. ಸಂಬಳ ಬರತೊಡಗಿದ ಮೇಲೆ ತಾಯಿಯನ್ನೂ ತಂಗಿಯನ್ನೂ ಕರೆಯಿಸಿಕೊಂಡನು. ಅವರು 1833ರಲ್ಲಿ ಬಂದು ಸೇರಿದರು. ಆದರೆ ಅದೇ ವರುಷದ ಚಳಿಗಾಲದಲ್ಲಿ ವ್ಯಾಪಾರವು ಕುಸಿದು ಅವನ ಕೆಲಸವು ಹೋಯಿತು. ಒಲೆಗೆ ಸೌದೆಯೂ ಇಲ್ಲದ ದಿನಗಳನ್ನು ಆ ಮೂವರು ಕಂಡರು. 1834ರ ಬೇಸಿಗೆಯಲ್ಲಿ ತಾಯಿಯು ಮಗನಿಗಾಗಿ ಅಡಿಗೆ ಮಾಡುತ್ತಿರುವಾಗಲೇ ಕುಸಿದು ಸತ್ತಳು. ಕೂಲಿಗಾಡಿಯಲ್ಲಿ ಹೆಣವನ್ನು ಸಾಗಿಸಿ ದಿಕ್ಕಿಲ್ಲದವರ ಸ್ಮಶಾನದಲ್ಲಿ ಹೂಳಿದರು. ಹಿಂದೆ ನಡೆದವರು ಅಣ್ಣ ತಂಗಿ ಇಬ್ಬರೇ.

ಆಗ ಅವನಿಗೆ ಹದಿನಾರು ವರುಷ. ಅವನಿಗೆ ಒಳ್ಳೇ ಕಂಠವಿತ್ತು. ಯಾರ ಮಾತನ್ನಾದರೂ ಹಾವಭಾವದಿಂದ ಆಡಿ ತೋರಿಸಿ ನಗಿಸುವ ವರವೂ ಇತ್ತು. ಈ ವರಗಳೇ ಅವನಿಗೆ ಉರುಲಾದವು. ಕುಡಿಯುವ ಯೌವನಸ್ಥರು ಅವನನ್ನು ತಮ್ಮ ಮಧ್ಯದಲ್ಲಿ ಕೂರಿಸಿ ಹಾಡಿಸಿದರು, ಬೆಂಕಿಯ ಬಳಿ ಸ್ಥಳ ಕೊಟ್ಟರು, ಗ್ಲಾಸು ತುಂಬಿಸಿದರು. ಮನೆ ಇಲ್ಲದವನಿಗೆ ಮದ್ಯದಂಗಡಿಯೇ ಮನೆಯಾಯಿತು. ಮನುಷ್ಯನು ಒಂಟಿಯಾಗಿರಲಾರನು; ಒಳ್ಳೆಯವರು ಬಾಗಿಲು ತೆರೆಯದಿದ್ದರೆ ಕೆಟ್ಟವರು ತೆರೆಯುವರು. ಗಾಫನು ನಾಟಕದ ಕಂಪನಿಗಳಲ್ಲಿ ಹಾಸ್ಯದ ಪಾತ್ರ ಮಾಡಿದನು, ಊರಿಂದೂರಿಗೆ ಅಲೆದನು, ಪ್ರತಿಯೊಂದು ಊರಲ್ಲಿಯೂ ಕುಡಿತದ ದೆಸೆಯಿಂದ ಕೆಲಸ ಕಳಕೊಂಡನು. ಮದುವೆಯಾದನು, ಅದರಿಂದಲೂ ಬುದ್ಧಿ ಬರಲಿಲ್ಲ. ಹೆಂಡತಿಯೂ ಹಸುಗೂಸೂ ರೋಗದಿಂದ ಸತ್ತಾಗ ಅವನು ಅಮಲಿನಲ್ಲಿಯೇ ಇದ್ದನು. ಒಂದು ಸಾರಿ ವಿಷದ ಸೀಸೆಯನ್ನು ಹಿಡಿದು ರೈಲಿನ ಹಾದಿಯ ಬಳಿ ನಿಂತು, ಧೈರ್ಯ ಸಾಲದೆ ಹಿಂದಿರುಗಿದನು.

ಹೀಗಿರಲಾಗಿ 1842ನೆಯ ಅಕ್ಟೋಬರ್ ತಿಂಗಳ ಕಡೆಯ ಆದಿತ್ಯವಾರದ ಸಂಜೆ, ಮೆಸಚೂಸೆಟ್ಸ್ ಸೀಮೆಯ ವೂಸ್ಟರ್ ಪಟ್ಟಣದ ಬೀದಿಯಲ್ಲಿ ಅವನು ತೂರಾಡುತ್ತಾ ಹೋಗುತ್ತಿದ್ದಾಗ, ಹಿಂದಿನಿಂದ ಯಾರೋ ಅವನ ಹೆಗಲನ್ನು ಮೃದುವಾಗಿ ಮುಟ್ಟಿದರು. ಅವನ ಹೆಸರು ಜೋಯೆಲ್ ಸ್ಟ್ರಾಟನ್. ಅವನು ಬೋಧಕನೂ ಅಲ್ಲ, ಧನವಂತನೂ ಅಲ್ಲ. ಮದ್ಯ ಮಾರದ ಒಂದು ಹೋಟೆಲಿನಲ್ಲಿ ಊಟ ಬಡಿಸುವ ಕೆಲಸದವನು. ಅವನು ಗದರಿಸಲಿಲ್ಲ. ಮಾರಣೆಯ ದಿನ ಊರ ಸಭಾಗೃಹದಲ್ಲಿ ಕೂಟವಿರುವದೆಂದೂ, ಅಲ್ಲಿ ಕುಡಿತ ಬಿಡುವ ಪ್ರತಿಜ್ಞಾಪತ್ರಕ್ಕೆ ರುಜು ಹಾಕಬಹುದೆಂದೂ, ತಾನು ಅಲ್ಲಿ ಕಾದುಕೊಂಡಿರುವೆನೆಂದೂ ಹೇಳಿದನು. ತನ್ನನ್ನು ಮನುಷ್ಯನೆಂದು ಎಣಿಸಿ ಯಾರೂ ಮಾತಾಡಿಸಿ ಬಹಳ ಕಾಲವಾಗಿದ್ದದರಿಂದ ಗಾಫನ ಹೃದಯವು ಕರಗಿತು. ಮರುದಿನ ಹರಕು ಬಟ್ಟೆ ಕಾಣದಂತೆ ಹಳೆಯ ಕೋಟನ್ನು ಗಂಟಲ ವರೆಗೆ ಗುಂಡಿ ಹಾಕಿಕೊಂಡು ಕೂಟಕ್ಕೆ ಹೋಗಿ, ನಡುಗುವ ಕೈಯಿಂದ ತನ್ನ ಹೆಸರನ್ನು ಬರೆದನು.

ಈ ಕೂಟವು ಎಲ್ಲಿಂದ ಬಂತೆಂಬದನ್ನು ಇಲ್ಲಿ ತಿಳಿಸಬೇಕು. ಎರಡು ವರುಷಗಳ ಮುಂಚೆ, 1840ರ ಏಪ್ರಿಲ್ ತಿಂಗಳಲ್ಲಿ, ಬಾಲ್ಟಿಮೋರ್ ಪಟ್ಟಣದ ಒಂದು ಮದ್ಯದಂಗಡಿಯಲ್ಲಿ ಕೂಡುತ್ತಿದ್ದ ಆರು ಮಂದಿ ಕುಡುಕರು ತಾವೇ ಕುಡಿತ ಬಿಡುವದಾಗಿ ಒಬ್ಬರಿಗೊಬ್ಬರು ಮಾತು ಕೊಟ್ಟು ಒಂದು ಸಂಘವನ್ನು ಕಟ್ಟಿದರು. ಅದಕ್ಕೆ ತಮ್ಮ ದೇಶದ ಮೊದಲನೆಯ ಅಧ್ಯಕ್ಷರ ನೆನಪಿಗಾಗಿ ವಾಷಿಂಗ್ಟನ್ ಸಂಘವೆಂದು ಹೆಸರಿಟ್ಟರು. ಅದಕ್ಕಿಂತ ಮುಂಚಿನ ಪಾನನಿರೋಧದ ಸಂಘಗಳು ಹೆಚ್ಚಾಗಿ ಕುಡಿಯದವರನ್ನು ಕುಡಿಯದಂತೆ ಕಾಯುತ್ತಿದ್ದವು. ಕುಡುಕನನ್ನು ಕೆಟ್ಟುಹೋದವನೆಂದು ಬಿಟ್ಟುಬಿಡುತ್ತಿದ್ದವು. ಇವರಾದರೋ ಕುಡುಕನನ್ನೇ ಹುಡುಕಿಕೊಂಡು ಹೋದರು. ಪ್ರತಿಯೊಬ್ಬನು ಇನ್ನೊಬ್ಬನನ್ನು ಕರತರಬೇಕು, ಕೂಟದಲ್ಲಿ ಎದ್ದು ತನ್ನ ಅನುಭವವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ಬಟ್ಟೆಯಿಲ್ಲದವನಿಗೆ ಬಟ್ಟೆಯನ್ನೂ ಕೆಲಸವಿಲ್ಲದವನಿಗೆ ಕೆಲಸವನ್ನೂ ಹುಡುಕಿಕೊಡಬೇಕು ಎಂಬದೇ ಅವರ ಕ್ರಮವಾಗಿತ್ತು. ಸಂಘವು ಕಾಡ್ಗಿಚ್ಚಿನಂತೆ ಊರೂರಿಗೆ ಹಬ್ಬಿತು.

ರುಜು ಹಾಕಿದ್ದರಿಂದಲೇ ಗಾಫನ ಕಷ್ಟವು ತೀರಲಿಲ್ಲ. ಬಹು ಕಾಲ ಕುಡಿದ ದೇಹಕ್ಕೆ ಮದ್ಯವು ಒಮ್ಮೆಗೇ ನಿಂತುಹೋದಾಗ ಮೈ ನಡುಗುವದು, ನಿದ್ರೆ ಹೋಗುವದು, ಇಲ್ಲದ ಹುಳುಗಳೂ ಭಯಂಕರ ಮುಖಗಳೂ ಕಣ್ಣಿಗೆ ಕಾಣುವವು. ಇದು ದೆವ್ವ ಹಿಡಿದದ್ದಲ್ಲ, ರೋಗವೇ. ಪ್ರಾಣಕ್ಕೆ ಅಪಾಯಕರವೆಂದೂ ಔಷಧದಿಂದ ತಡೆಯಬಹುದೆಂದೂ ವೈದ್ಯರು ಈಗ ಚೆನ್ನಾಗಿ ಬಲ್ಲರು. ಗಾಫನು ಸುಮಾರು ಒಂದು ವಾರ ಈ ಅಗ್ನಿಯನ್ನು ದಾಟಿದನು. ಆ ದಿನಗಳಲ್ಲಿ ಊರ ವಕೀಲನಾದ ಜೆಸ್ಸಿ ಗುಡ್‌ರಿಚ್ ಎಂಬವನು ರಟ್ಟು ಕಟ್ಟುವ ಅಂಗಡಿಗೇ ಬಂದು, ಅವನ ಕೈ ಹಿಡಿದು, ರುಜು ಹಾಕಿದ್ದಕ್ಕೆ ಸಂತೋಷಪಟ್ಟು, ಬೇಕಾದಾಗ ತನ್ನ ಕಚೇರಿಗೆ ಬರಬೇಕೆಂದು ಕರೆದನು. ಆ ಮಾತು ಕೆಲವು ಕ್ಷಣಗಳದ್ದೇ. ಆದರೆ ಊರಲ್ಲಿ ಒಬ್ಬ ಮಾನವಂತನು ತನ್ನ ಜಯವನ್ನು ಬಯಸುತ್ತಾನೆಂಬ ನೆನಪು ಗಾಫನಿಗೆ ಆ ರಾತ್ರಿಗಳಲ್ಲಿ ಊರುಗೋಲಾಯಿತು.

ಬಳಿಕ ಸಂಘದವರು ಅವನಿಗೆ ಕೆಲಸ ಕೊಟ್ಟರು: ಮಾತಾಡು ಎಂದರು. ಮೊದಮೊದಲು ಒಂದು ಶಾಲೆಯ ಮನೆಯಲ್ಲಿ ಮಾತಾಡಿದಾಗ ಅವನನ್ನು ಉರಿಯುವ ಒಲೆಯ ಬಳಿ ಕೂರಿಸಿದ್ದರು. ಕೋಟಿನ ಕೆಳಗಿದ್ದದ್ದು ಚಿಂದಿಯೇ ಆದದರಿಂದ ಅವನು ಬೆವರುತ್ತಾ, ಗುಂಡಿ ಬಿಚ್ಚಲಾರದೆ, ಕಡೆಯ ವರೆಗೂ ನಿಂತು ತನ್ನ ಕಥೆಯನ್ನು ಹೇಳಿದನು. ಮದ್ಯದಂಗಡಿಯಲ್ಲಿ ಜನರನ್ನು ನಗಿಸಿದ ಅದೇ ವರವು ಈಗ ಕೇಳುವವರ ಕಣ್ಣಲ್ಲಿ ನೀರು ತರಿಸಿತು. ಸುತ್ತಲಿನ ಊರುಗಳಿಂದ ಕರೆಗಳು ಬಂದವು.

ಆದರೆ ಐದಾರು ತಿಂಗಳಲ್ಲಿ, 1843ರ ವಸಂತಕಾಲದಲ್ಲಿ, ಅವನು ಬಿದ್ದನು. ವಿಶ್ರಾಂತಿಯಿಲ್ಲದ ತಿರುಗಾಟದಿಂದ ದೇಹವು ಬಳಲಿತ್ತು. ಹುಡುಗತನದಲ್ಲಿ ತಲೆಗೆ ಬಿದ್ದ ಪೆಟ್ಟಿನ ನೋವು ಮರುಕಳಿಸಿತ್ತು. ಬೋಸ್ಟನ್ ಪಟ್ಟಣದಲ್ಲಿ ಹಳೆಯ ನಾಟಕದ ಸಂಗಡಿಗರು ಸಿಕ್ಕಿದರು, ಉಪಚಾರಕ್ಕೆಂದು ಗ್ಲಾಸು ಕೊಟ್ಟರು, ಅವನು ಕುಡಿದನು. ವಾಚಕರೇ, ಅವನ ನಾಚಿಕೆಯನ್ನು ಊಹಿಸಿರಿ. ಸಾವಿರಾರು ಜನರ ಮುಂದೆ ಬಿಟ್ಟೆನೆಂದು ಹೇಳಿದವನು ಅವನು. ಮುಚ್ಚಿಡಬಹುದಾಗಿತ್ತು, ಓಡಿಹೋಗಬಹುದಾಗಿತ್ತು. ಹೋಗಲಿಕ್ಕೆ ಮನಸ್ಸು ಮಾಡಿಯೂ ಇದ್ದನು. ಆದರೆ ಮೊದಲು ವೂಸ್ಟರಿಗೆ ಬಂದು ಸಂಘದ ಸ್ನೇಹಿತರಿಗೆ ನಡೆದದ್ದನ್ನೆಲ್ಲಾ ಅರಿಕೆಮಾಡಿದನು. ಆಗ ಆ ಊರಿನವರು ಮಾಡಿದ್ದೇ ಈ ಚರಿತ್ರೆಯ ಸಾರ. ಅವರು ಅವನನ್ನು ತಳ್ಳಿಬಿಡಲಿಲ್ಲ; ನಡೆದದ್ದು ಏನೂ ಅಲ್ಲವೆಂದೂ ಹೇಳಲಿಲ್ಲ. ಎರಡನೆಯ ಸಾರಿ ಪ್ರತಿಜ್ಞಾಪತ್ರವನ್ನು ಅವನ ಮುಂದಿಟ್ಟು ರುಜು ಹಾಕಿಸಿದರು. ಊರು ಬಿಟ್ಟು ಹೋಗದೆ ತಮ್ಮಲ್ಲಿಯೇ ಇದ್ದು ಸೇವೆಯನ್ನು ಮುಂದರಿಸಬೇಕೆಂದು ಬೇಡಿಕೊಂಡರು. ಮೊದಲನೆಯ ರುಜು ಅವನಿಗೆ ಒಂದು ಬಾಗಿಲನ್ನು ತೆರೆಯಿತು; ಆ ಬಾಗಿಲು ಮುಚ್ಚಲಿಲ್ಲವೆಂದು ಎರಡನೆಯ ರುಜು ತೋರಿಸಿತು.

ಅಂದಿನಿಂದ ಒಂದು ವರುಷದಲ್ಲಿ ಅವನು 380ಕ್ಕಿಂತ ಹೆಚ್ಚು ಸಾರಿ ಮಾತಾಡಿ, 15,000ಕ್ಕಿಂತ ಹೆಚ್ಚು ಜನರಿಂದ ರುಜು ಹಾಕಿಸಿದನು. ಅದೇ ವರುಷದ ನವೆಂಬರ್ ತಿಂಗಳಲ್ಲಿ ಮೇರಿ ವಿಟ್‌ಕಂಬ್ ಎಂಬ ಕನ್ಯೆಯು, ಅವನ ಹಿಂದಿನ ಬಾಳನ್ನು ಬಲ್ಲವಳಾಗಿಯೇ, ಅವನನ್ನು ಮದುವೆಯಾಗಿ, ಸಾಯುವ ವರೆಗೆ ಅವನ ಬೆನ್ನಿಗೆ ನಿಂತಳು. ಬೋಸ್ಟನಿನ ಮೌಂಟ್ ವರ್ನನ್ ಸಭೆಯು ಅವನನ್ನು ತನ್ನ ಅಂಗವಾಗಿ ಸೇರಿಸಿಕೊಂಡಿತು.

1845ರಲ್ಲಿ ಇನ್ನೊಂದು ಶೋಧನೆಯು ಬಂತು. ನ್ಯೂಯಾರ್ಕಿನಲ್ಲಿ ಅವನು ಒಂದು ವಾರ ಕಾಣದೆ ಹೋಗಿ, ಕಡೆಗೆ ಒಂದು ಕೆಟ್ಟ ಮನೆಯಲ್ಲಿ ಅಮಲೇರಿದವನಾಗಿ ಸಿಕ್ಕಿದನು. ಪರಿಚಿತನಂತೆ ಬಂದವನೊಬ್ಬನು ತನಗೆ ಕೊಟ್ಟ ಪಾನಕದಲ್ಲಿ ಏನೋ ಬೆರಸಿದ್ದನೆಂದು ಗಾಫನು ಹೇಳಿದನು. ವೈರಿಗಳೂ ಕೆಲವು ಪತ್ರಿಕೆಗಳೂ ಅವನನ್ನು ಕಪಟಿಯೆಂದು ಹಳಿದರು. ಸಭೆಯವರಾದರೋ ಊರ ಮಾತನ್ನು ನಂಬಿ ಅವನನ್ನು ತೆಗೆದುಹಾಕಲಿಲ್ಲ. ಕಣ್ಣುಮುಚ್ಚಿ ಅವನ ಪಕ್ಷ ಹಿಡಿಯಲೂ ಇಲ್ಲ. ಸಂಗತಿಯನ್ನು ವಿಚಾರಿಸಿ, ಅವನ ಮಾತನ್ನು ಒಪ್ಪಿ, ತಮ್ಮ ಅನ್ಯೋನ್ಯತೆಯಲ್ಲಿ ಉಳಿಸಿಕೊಂಡರು. ಆ ಮೇಲಿನ ನಾಲ್ವತ್ತು ವರುಷಗಳ ಬಾಳೇ ಅವರ ತೀರ್ಪಿಗೆ ಸಾಕ್ಷಿಯಾಯಿತು.

1853ರಲ್ಲಿ ಇಂಗ್ಲೆಂಡಿನ ಪಾನನಿರೋಧ ಸಂಘದವರು ಅವನನ್ನು ಕರೆದರು. ಹನ್ನೆರಡರ ಹುಡುಗನಾಗಿ ಬಡತನದಿಂದ ಬಿಟ್ಟುಹೋದ ದೇಶಕ್ಕೆ ಅವನು ಮರಳಿ, ಲಂಡನಿನ ಎಕ್ಸೆಟರ್ ಹಾಲ್ ಎಂಬ ದೊಡ್ಡ ಮಂದಿರದಲ್ಲಿ ಕಿಕ್ಕಿರಿದ ಜನರಿಗೆ ಮಾತಾಡಿದನು. ಕೆಲವು ವಾರಗಳಿಗೆಂದು ಬಂದವನನ್ನು ಎರಡು ವರುಷ ಬಿಡಲಿಲ್ಲ. 1857ರಲ್ಲಿಯೂ 1878ರಲ್ಲಿಯೂ ಅವನು ತಿರಿಗಿ ಅಲ್ಲಿಗೆ ಹೋದನು. ಹೆಸರೂ ಹಣವೂ ಬಂದವು. ಆದರೂ ಆ ಹಸಿವು ತನ್ನನ್ನು ಪೂರ್ತಿಯಾಗಿ ಬಿಟ್ಟಿತೆಂದು ಅವನು ಎಂದೂ ಹೆಚ್ಚಳಪಡಲಿಲ್ಲ. ದೇವರ ಕೃಪೆಯಿಂದಲೂ ಸ್ನೇಹಿತರ ಕಾವಲಿನಿಂದಲೂ ನಿಂತಿದ್ದೇನೆಂದೇ ಹೇಳುತ್ತಿದ್ದನು. ಹೆಗಲು ಮುಟ್ಟಿದ ಸ್ಟ್ರಾಟನನನ್ನು ಮರೆಯಲಿಲ್ಲ. ಅವನು ಮರಣಶಯ್ಯೆಯಲ್ಲಿದ್ದಾಗ ಗಾಫನು ಹೋಗಿ, ಈ ಕೈಯೇ ತನ್ನನ್ನು ಎತ್ತಿತೆಂದು ಕೃತಜ್ಞತೆಯಿಂದ ತಿಳಿಸಿದನು. ಸ್ಟ್ರಾಟನನು ತಾನು ದೊಡ್ಡ ಕೆಲಸವನ್ನೇನೂ ಮಾಡಿದೆನೆಂದು ಎಣಿಸಿರಲಿಲ್ಲ.

1886ನೆಯ ಫೆಬ್ರವರಿ 15ರಂದು ಫಿಲಡೆಲ್ಫಿಯದ ಫ್ರಾಂಕ್‌ಫರ್ಡ್ ಎಂಬಲ್ಲಿಯ ದೇವಾಲಯದಲ್ಲಿ, ಯೌವನಸ್ಥರು ಶುದ್ಧರಾಗಿ ಬಾಳಬೇಕೆಂದು ಎಚ್ಚರಿಸುತ್ತಿರುವಾಗಲೇ, ಗಾಫನು ಪಾರ್ಶ್ವವಾಯು ಬಡಿದು ಕುಸಿದನು. 18ರಂದು ಪ್ರಾಣಬಿಟ್ಟನು. ಅವನ ದೇಹವನ್ನು ವೂಸ್ಟರಿಗೆ ತಂದು, ಅವನು ಎರಡು ಸಾರಿ ರುಜು ಹಾಕಿದ ಆ ಊರಲ್ಲಿಯೇ ಸಮಾಧಿಮಾಡಿದರು.

ವಾಷಿಂಗ್ಟನ್ ಸಂಘವು ಬಹು ಕಾಲ ಬಾಳಲಿಲ್ಲ. ಕೆಲವೇ ವರುಷಗಳಲ್ಲಿ ಒಳಜಗಳಗಳಿಂದಲೂ ರಾಜಕೀಯದ ವಾದಗಳಿಂದಲೂ ಕ್ಷೀಣಿಸಿತು. ಆದರೆ ಅದು ತೋರಿಸಿದ ದಾರಿ ಅಳಿಯಲಿಲ್ಲ. 1935ರಲ್ಲಿ ಒಹಾಯೊ ಸೀಮೆಯ ಆಕ್ರನ್ ಊರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಸಹಾಯಮಾಡುತ್ತಾ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವು ಇಂದು ನಮ್ಮ ದೇಶವೂ ಸೇರಿ ಲೋಕದ ಅನೇಕ ದೇಶಗಳಲ್ಲಿ ನಡೆಯುತ್ತದೆ. ಕುಡಿತ ಬಿಟ್ಟವನು ಬಿಡಬೇಕೆಂದಿರುವವನ ಪಕ್ಕದಲ್ಲಿ ಕೂರುವದೇ ಅದರ ಬಲ.

ಪ್ರಿಯರೇ, ಬೋಧಕರೊಬ್ಬರೇ ಈ ಕೆಲಸವನ್ನು ಮಾಡಲಾರರು. ಸ್ಟ್ರಾಟನನು ಊಟ ಬಡಿಸುವವನಾಗಿದ್ದನು. ಅವನು ಮಾಡಿದ್ದನ್ನು ನಮ್ಮಲ್ಲಿ ಯಾವ ಕೂಲಿಯವನೂ ಮಾಡಬಲ್ಲನು. ನಿಮ್ಮ ನೆರೆಯವನು ಕುಡಿತ ಬಿಡಲು ಮನಸ್ಸು ಮಾಡಿದರೆ ಮೊದಲನೆಯ ವಾರ ಅವನನ್ನು ಒಂಟಿಯಾಗಿ ಬಿಡಬೇಡಿರಿ; ಮೈ ನಡುಗಿ ಮಾತು ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಕರಕೊಂಡು ಹೋಗಿರಿ. ಸಂತೆಯ ದಿನ ಅವನ ಜೊತೆಯಲ್ಲಿ ಹೋಗಿ ಜೊತೆಯಲ್ಲಿ ಬನ್ನಿರಿ. ಸಭೆಯಲ್ಲಿ ಅವನಿಗೆ ಒಂದು ಕೆಲಸ ಕೊಡಿರಿ, ಗಂಟೆ ಬಾರಿಸುವದಾದರೂ ಸರಿ. ಅವನ ಹೆಂಡತಿಯನ್ನು ಹಳೆಯ ದಿನಗಳಿಗಾಗಿ ಹೀನೈಸಬೇಡಿರಿ. ಅವನು ಬಿದ್ದರೆ, ಬಿದ್ದದ್ದನ್ನು ಬಿದ್ದದ್ದೆಂದೇ ಹೇಳಿ, ಕೈ ಕೊಟ್ಟು ಎತ್ತಿರಿ. ತಪ್ಪಿಹೋದ ಒಂದು ಕುರಿಗಾಗಿ ಅಡವಿಗೆ ಹೋದ ಕುರುಬನು, ಅದು ಮೊದಲು ಎಷ್ಟು ಸಾರಿ ತಪ್ಪಿಸಿಕೊಂಡಿತ್ತೆಂದು ಲೆಕ್ಕ ಕೇಳಲಿಲ್ಲ. ಬರುವ ಆದಿತ್ಯವಾರ ನಮ್ಮ ದೇವಾಲಯದ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತವನು ಯಾರೇ ಆಗಿರಲಿ, ಅವನ ಹೆಗಲನ್ನು ಮುಟ್ಟಿ ಒಳಗೆ ಕರೆಯುವ ಕೃಪೆಯನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ.