ಹೊಗೆಕೊಳವೆ ಬಿಚ್ಚಿದ ದಿನ ಪರಿಚಯವಾದ ರುಡಾಲ್ಫ್ ಡೀಸೆಲ್

ದಸರಾ ರಜೆಯಲ್ಲಿ ಎರಡು ದಿನ ಮಾಮನ ಹಳೆಯ ಟರ್ಬೊ ಡೀಸೆಲ್ ಕಾರಿನ ಕೆಳಗೆ ಮಲಗಿದ್ದೆ. ಟರ್ಬೊದಿಂದ ಸೈಲೆನ್ಸರ್ ಕಡೆಗೆ ಹೋಗುವ ಕೊಳವೆ ತುಕ್ಕು ಹಿಡಿದು ಬಿರುಕು ಬಿಟ್ಟಿತ್ತು. ಗ್ಯಾರೇಜಿಗೆ ಕೊಡುವುದು ಬೇಡ, ಅಂಗಳದಲ್ಲೇ ಬಿಚ್ಚೋಣ ಎಂದರು ಮಾಮ. ಹಿಂದಿನ ರಾತ್ರಿಯೇ ನಟ್‌ಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟೆವು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಾಗಿದೆಯೇ ಎಂದು ನೋಡಿ, ಬ್ಯಾಟರಿ ತಂತಿ ಕಳಚಿ, ಕಾರನ್ನು ಜಾಕ್‌ನಿಂದ ಎತ್ತಿ, ಅಡಿಗೆ ಗಟ್ಟಿ ಸ್ಟ್ಯಾಂಡ್‌ಗಳನ್ನು ಕೊಟ್ಟ ಮೇಲೆಯೇ ನನ್ನನ್ನು ಒಳಗೆ ಬಿಟ್ಟರು. ಬರೀ ಜಾಕ್ ನಂಬಿ ಯಾರೂ ಕಾರಿನಡಿ ಹೋಗಬೇಡಿ.

ಶಾಖ ತಡೆಯುವ ತಗಡು ಸುಲಭವಾಗಿ ಬಂತು. ಟರ್ಬೊ ಬಳಿಯ ಮೂರು ನಟ್‌ಗಳಲ್ಲಿ ಎರಡು ಬಂದವು. ಮೂರನೆಯದಕ್ಕೆ ನಾನು ಆತುರಪಟ್ಟು ಸ್ಪ್ಯಾನರ್ ತುದಿಗೆ ಪೈಪು ಸಿಕ್ಕಿಸಿ ಎಳೆದೆ, ಸ್ಟಡ್ ತುಂಡಾಯಿತು. ಮಾಮ ಬೈಯಲಿಲ್ಲ, ಚಹಾ ಕುಡಿಯಲು ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಕೊನೆಗೆ ಕೊಳವೆ ಕೈಗೆ ಬಂದಾಗ ಅದರೊಳಗೆಲ್ಲ ಕಪ್ಪು ಮಸಿ. ಟರ್ಬೊದ ಬಾಯಲ್ಲಿ ಲಿಂಬೆಹಣ್ಣಿನಷ್ಟು ದೊಡ್ಡ ಚಕ್ರ. ಹೊರಗೆ ಹೋಗುವ ಬಿಸಿ ಹೊಗೆ ಈ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿಸುತ್ತದೆ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುತ್ತದೆ ಎಂದು ಮಾಮ ಹೇಳಿದರು. ಡೀಸೆಲ್ ಎಂಬುದು ಮೊದಲು ಒಬ್ಬ ಮನುಷ್ಯನ ಹೆಸರು ಎಂಬುದೂ ನನಗೆ ಗೊತ್ತಾದದ್ದು ಅಲ್ಲೇ. ಲೇತ್ ಅಂಗಡಿಯವರು ಸ್ಟಡ್ ತೆಗೆದುಕೊಡುವವರೆಗೆ ಬೇರೆ ಕೆಲಸವಿರಲಿಲ್ಲ. ಓದುತ್ತ ಕುಳಿತೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ತಾಯಿ ಜರ್ಮನಿಯ ಕಡೆಯವರು, ತಂದೆಗೆ ಚರ್ಮದ ಸಾಮಾನಿನ ಸಣ್ಣ ಕಸುಬು. 1870ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಗೆ ಯುದ್ಧ ಹತ್ತಿಕೊಂಡಾಗ ಈ ಕುಟುಂಬ ಊರು ಬಿಟ್ಟು ಲಂಡನ್‌ಗೆ ಹೋಗಬೇಕಾಯಿತು. ಹನ್ನೆರಡರ ಹುಡುಗನನ್ನು ಓದಲೆಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿದ್ದ ಸಂಬಂಧಿಕರ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು.

ಮ್ಯೂನಿಕ್‌ನ ತಾಂತ್ರಿಕ ಕಾಲೇಜಿನಲ್ಲಿ ಅವರಿಗೆ ಪಾಠ ಹೇಳಿದವರು ಶೈತ್ಯಯಂತ್ರಗಳಿಗೆ ಹೆಸರಾದ ಕಾರ್ಲ್ ಲಿಂಡೆ. ನಾವು ಭೌತಶಾಸ್ತ್ರದಲ್ಲಿ ಅಂಕಕ್ಕಾಗಿ ಓದುವ ಕಾರ್ನೊ ಚಕ್ರವನ್ನೇ ಅವರು ಅಲ್ಲಿ ಕಲಿತರು. ಒಳ್ಳೆಯ ಹಬೆ ಎಂಜಿನ್ ಕೂಡ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತರಷ್ಟನ್ನು ಮಾತ್ರ ಕೆಲಸಕ್ಕೆ ತರುತ್ತದೆ, ಉಳಿದ ತೊಂಬತ್ತು ವ್ಯರ್ಥ ಎಂಬ ಲೆಕ್ಕ ಆ ವಿದ್ಯಾರ್ಥಿಯ ನಿದ್ದೆ ಕೆಡಿಸಿತು. ಇನ್ನೊಂದು ಸಂಗತಿ: 1879ರಲ್ಲಿ ಟೈಫಾಯಿಡ್ ಬಂದು ಅವರಿಗೆ ಅಂತಿಮ ಪರೀಕ್ಷೆಯೇ ತಪ್ಪಿತು. ಡೆಂಗಿಯಿಂದ ಅರ್ಧವಾರ್ಷಿಕ ಪರೀಕ್ಷೆ ತಪ್ಪಿಸಿಕೊಂಡ ನನಗೆ ಇದನ್ನು ಓದಿ ಸ್ವಲ್ಪ ಧೈರ್ಯ ಬಂತು. ಮುಂದಿನ ಪರೀಕ್ಷೆಗೆ ಕಾಯುತ್ತ ಅವರು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿರುವ ಸುಲ್ಜರ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿತರು. 1880ರಲ್ಲಿ ಪರೀಕ್ಷೆ ಬರೆದು ಅತ್ಯುತ್ತಮ ಅಂಕಗಳಿಂದ ಪಾಸಾದರು.

ಅವರ ಉಪಾಯ ಕೇಳಲು ಸರಳ. ಸೈಕಲ್ ಪಂಪು ಹೊಡೆದರೆ ಪಂಪಿನ ತುದಿ ಬಿಸಿಯಾಗುತ್ತದಲ್ಲ? ಗಾಳಿಯನ್ನು ಇನ್ನೂ ಬಲವಾಗಿ ಒತ್ತಿದರೆ ಅದು ಎಷ್ಟು ಕಾಯುತ್ತದೆಂದರೆ, ಅದರೊಳಗೆ ಚಿಮ್ಮಿಸಿದ ಎಣ್ಣೆ ಕಿಡಿಯಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. 1893ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ಎಣ್ಣೆ ಹೊತ್ತಿಕೊಂಡಿತು ಎಂಬುದಕ್ಕೆ ಅದೇ ಸಾಕ್ಷಿಯಾಯಿತು. ಎಂಜಿನ್ ಮಾತ್ರ ಓಡಲಿಲ್ಲ. ಇನ್ನೂ ಮೂರೂವರೆ ವರ್ಷ ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು. ಒಂದು ಸ್ಟಡ್ ತುಂಡಾದದ್ದಕ್ಕೆ ನಾನು ಮುಖ ಸಪ್ಪೆ ಮಾಡಿಕೊಂಡು ಕುಳಿತಿದ್ದೆ!

1897ರ ಫೆಬ್ರುವರಿ 17ರಂದು ಪ್ರಾಧ್ಯಾಪಕರೊಬ್ಬರು ಬಂದು ಎಂಜಿನ್ನನ್ನು ಅಳೆದು ನೋಡಿದರು. ಅದು ಆಳೆತ್ತರ ಮೀರಿದ ಒಂಟಿ ಸಿಲಿಂಡರಿನ ಯಂತ್ರ, ವೇಗ ನಿಮಿಷಕ್ಕೆ 200 ಸುತ್ತೂ ಇಲ್ಲ. ಆದರೆ ದಕ್ಷತೆ ಶೇ. 26.2. ಆ ಎಂಜಿನ್ ಈಗಲೂ ಮ್ಯೂನಿಕ್‌ನ ವಸ್ತುಸಂಗ್ರಹಾಲಯದಲ್ಲಿದೆ. 1900ರ ಪ್ಯಾರಿಸ್ ಮೇಳದಲ್ಲಿ ಇಂಥ ಒಂದು ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೂ ಓಡಿತು.

ಇಷ್ಟಾದರೂ ಶೇ. 70ಕ್ಕಿಂತ ಹೆಚ್ಚು ಶಾಖ ನೀರಿನಲ್ಲೂ ಹೊಗೆಯಲ್ಲೂ ಹೋಗುತ್ತಲೇ ಇತ್ತು. ಹೊಗೆಯ ಪಾಲನ್ನು ಹಿಡಿಯಲು ಹೊರಟವರು ಆಲ್ಫ್ರೆಡ್ ಬ್ಯೂಕಿ. 1905ರಲ್ಲಿ ಟರ್ಬೊಗೆ ಪೇಟೆಂಟ್ ಪಡೆದ ಇವರು ಅದೇ ವಿಂಟರ್‌ಥೂರ್‌ನವರು, ಡೀಸೆಲ್ ಕೈಕೆಲಸ ಕಲಿತ ಸುಲ್ಜರ್‌ನಲ್ಲೇ ಮುಂದೆ ದುಡಿದವರು. ಟರ್ಬೊ ನಿಜವಾಗಿ ಕೆಲಸಕ್ಕೆ ಬಂದದ್ದು 1920ರ ದಶಕದಲ್ಲಿ. ಡೀಸೆಲ್ ಅದನ್ನು ನೋಡಲಿಲ್ಲ.

ಹಣ ಬಂದಷ್ಟೇ ಬೇಗ ಹೋಯಿತು. ಪೇಟೆಂಟ್ ವ್ಯಾಜ್ಯಗಳು, ಕೈಕೊಟ್ಟ ಹೂಡಿಕೆಗಳು, ದೊಡ್ಡ ಮನೆ, ಕೆಟ್ಟ ಆರೋಗ್ಯ. ಸಮುದ್ರದಲ್ಲಿ ಹಡಗುಗಳು ಅವರ ಎಂಜಿನ್ನಿನಿಂದ ಓಡತೊಡಗಿದ ಹೊತ್ತಿಗೆ ಅವರು ಸಾಲಗಾರರಾಗಿದ್ದರು. ಶಾಖ ಪೋಲಾಗುವುದನ್ನು ಸಹಿಸದವರು ದುಡ್ಡಿನ ಸೋರಿಕೆಯನ್ನು ಕಾಣಲಿಲ್ಲವೇ ಎಂದು ನನಗೆ ಅನ್ನಿಸಿತು. ಮಾಮ ಮಾತ್ರ ಹಾಗೆಲ್ಲ ಹಗುರವಾಗಿ ಹೇಳಬಾರದು ಎಂದರು. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಊಟ ಮುಗಿಸಿ ಕೋಣೆಗೆ ಹೋದವರು ಬೆಳಿಗ್ಗೆ ಇರಲಿಲ್ಲ. ಹಾಸಿಗೆ ಮಲಗಿದಂತೆ ಇರಲಿಲ್ಲ. ಹತ್ತು ದಿನಗಳ ನಂತರ ಸಮುದ್ರದಲ್ಲಿ ಸಿಕ್ಕ ದೇಹದ ಜೇಬಿನ ವಸ್ತುಗಳನ್ನು ನೋಡಿ ಮಗ ಗುರುತು ಹಿಡಿದರು. ಆಗ ಅವರಿಗೆ 55 ವರ್ಷ.

ಎರಡನೆಯ ದಿನ ಹೊಸ ಕೊಳವೆ ಬಂತು. ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಯಾಕೆ ಬೇಕು, ಕಿತ್ತುಹಾಕಿ ನೇರ ಪೈಪು ಕೂರಿಸಿ, ಪಿಕಪ್ ಹೆಚ್ಚುತ್ತದೆ ಎಂದು ಪಕ್ಕದ ಮನೆಯವರು ಸಲಹೆ ಕೊಟ್ಟರು. ಮಾಮ ಒಪ್ಪಲಿಲ್ಲ. ಅದು ಕಾನೂನಿಗೆ ವಿರುದ್ಧ, ಮೇಲಾಗಿ ನಮ್ಮ ನಾನಿಗೆ ಉಬ್ಬಸ. ಹಳೆಯ ಗ್ಯಾಸ್ಕೆಟ್ ಕೆರೆದು ಹೊಸದನ್ನು ಇಟ್ಟು, ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಕೊಳವೆ ನೇರವಾಗಿ ಕೂತ ಮೇಲೆ ಒಂದೊಂದನ್ನೇ ಬಿಗಿ ಮಾಡಿದೆವು. ಮಾಮ ಕೀಲಿ ತಿರುಗಿಸಿದರು. ಕೀಲುಗಳ ಬಳಿ ಹೊಗೆ ಸೋರುತ್ತಿದೆಯೇ ಎಂದು ಟಾರ್ಚ್ ಹಿಡಿದು ನೋಡುವ ಕೆಲಸ ನನ್ನದಾಗಿತ್ತು. ಸೋರುತ್ತಿರಲಿಲ್ಲ.